ಸೈಕಲ್ ಯಾತ್ರೇಲಿ ಸುಲಭದ ದಿನ: ತುಮಕೂರಿಂದ ಮಧುಗಿರಿಗೆ ನಿಧಾನಕ್ಕೆ ಹೋಗೋದು ಹೇಗೆ

ಜನವರಿ ಹತ್ರ ಬಂತು ಅಂದ್ರೆ ನಮ್ಮ ಗುಂಪಿಗೆ ಹೊಸದಾಗಿ ಸೇರ್ಕೊಂಡೋರು ಫೋನ್ ಮಾಡೋಕೆ ಶುರು ಮಾಡ್ತಾರೆ. ಬೆಂಗಳೂರಿಂದ ಹಂಪಿಗೆ ಐದು ದಿನ ಸಾಕಾ, ದಿನಕ್ಕೆ ಎಷ್ಟು ಕಿಲೋಮೀಟರ್, ಗೇರ್ ಸೈಕಲ್ಲೇ ಬೇಕಾ, ರಾತ್ರಿ ಎಲ್ಲಿ ಮಲಗೋದು, ಎಲ್ಲಾ ಕೇಳ್ತಾರೆ. ಎರಡನೇ ದಿನ ತುಮಕೂರಿಂದ ಮಧುಗಿರಿಗೆ ಹೆಚ್ಚುಕಮ್ಮಿ 44 ಕಿಲೋಮೀಟರ್ ಅಷ್ಟೇ ಅಂದ ತಕ್ಷಣ "ಓ ಹಾಗಾದ್ರೆ ಅವತ್ತು ಏನೂ ಇಲ್ಲ ಬಿಡಿ" ಅಂದ್ಬಿಡ್ತಾರೆ. ನಾನು ಈ ಯಾತ್ರೆ ಆರು ಸಲ ಮಾಡಿದೀನಿ, ಅದ್ರಲ್ಲಿ ನಾಕು ಸಲ ಎಲ್ಲರ ಹಿಂದೆ ಉಳಿದು ಕೊನೇ ಸೈಕಲ್ ಆಗಿ ಬಂದಿದೀನಿ. ನನ್ನ ಪ್ರಕಾರ ಇಡೀ ಯಾತ್ರೆ ನಿಂತಿರೋದೇ ಆ ಎರಡನೇ ದಿನದ ಮೇಲೆ. ಅವತ್ತು ಸರಿಯಾಗಿ ನಿಧಾನ ಮಾಡಿದ್ರೆ ನಮ್ಮ ಗುಂಪಿನ ಇಪ್ಪತ್ನಾಕು ಜನಾನೂ ಹಂಪಿ ಮುಟ್ತಾರೆ, ಅವತ್ತು ಆತುರ ಪಟ್ರೆ ಮೂರನೇ ದಿನ ಅರ್ಧ ಜನ ನಮ್ಮ ಜೊತೆ ಬರೋ ವ್ಯಾನಲ್ಲಿ ಇರ್ತಾರೆ.

ಈ ಯಾತ್ರೆ ಮಾಡಿ ನಾವು ದುಡ್ಡು ಕೂಡಿಸೋದು ಹಳ್ಳಿ ಹೈಸ್ಕೂಲ್ ಮಕ್ಕಳ ಸೈಕಲ್ಲಿಗೆ. ಎಂಟನೇ ಕ್ಲಾಸ್ ಮಕ್ಕಳಿಗೆ ಸರ್ಕಾರದಿಂದ ಉಚಿತ ಸೈಕಲ್ ಕೊಡೋ ಯೋಜನೆ 2006-07ರಲ್ಲಿ ಶುರುವಾಗಿತ್ತು, ಎಷ್ಟೋ ಹೆಣ್ಮಕ್ಕಳು ಏಳನೇ ಕ್ಲಾಸಿಗೇ ಓದು ನಿಲ್ಲಿಸದೆ ಪಕ್ಕದೂರಿನ ಹೈಸ್ಕೂಲಿಗೆ ಹೋಗೋ ಹಾಗಾಗಿದ್ದು ಆ ಸೈಕಲ್ಲಿಂದ್ಲೇ, ಆಮೇಲೆ ಕೋವಿಡ್ ಹೊತ್ತಲ್ಲಿ ಅದು ನಿಂತೋಯ್ತು. ಈಗ ಅಕ್ಕನ ಹಳೇ ಸೈಕಲ್ಲು ತಂಗಿಗೆ, ಅಣ್ಣಂದು ತಮ್ಮನಿಗೆ ಅಂತ ಓಡ್ತಾ ಇದೆ. ಹಾಗಾಗಿ ನಮ್ಮ ಸುಲಭದ ದಿನ ಬೆಳಗ್ಗೆ ಸೈಕಲ್ ತುಳಿಯೋದು, ಮಧ್ಯಾಹ್ನ ಶಾಲೇಲಿ ಮಕ್ಕಳ ಸೈಕಲ್ ರಿಪೇರಿ ಮಾಡೋದು, ಈ ಎರಡೂ ಸೇರಿದ ದಿನ. ನೀವು ಬೇರೆ ಯಾವ ಕಾರಣಕ್ಕೆ ದುಡ್ಡು ಎತ್ತೋ ಯಾತ್ರೆ ಮಾಡ್ತಿದ್ರೂ, ಬೇರೆ ದಾರೀಲಿ ಹೋಗ್ತಿದ್ರೂ, ದಿನದ ಕ್ರಮ ಹೆಚ್ಚುಕಮ್ಮಿ ಇದೇ ಇಟ್ಕೊಳ್ಳಬಹುದು.

ಸುಲಭದ ದಿನ ಎರಡನೇ ದಿನಕ್ಕೇ ಯಾಕೆ

ತುಂಬಾ ಗುಂಪುಗಳು ನಡುವಿನ ದಿನಕ್ಕೆ ಇಡ್ತಾರೆ, ಮೂರನೇದೋ ನಾಕನೇದೋ. ಅವರೆಲ್ಲ ವರ್ಷಪೂರ್ತಿ ತುಳಿಯೋರಾದ್ರೆ ಅದು ಸರಿ. ಇಂಥ ಯಾತ್ರೆಗೆ ಬರೋರು ಬ್ಯಾಂಕ್ ಕೆಲಸದೋರು, ಮೇಷ್ಟ್ರುಗಳು, ಕಾಲೇಜ್ ಹುಡುಗ್ರು, ರಿಟೈರ್ ಆದೋರು. ಅರ್ಧಕ್ಕರ್ಧ ಜನ ಒಂದೇ ದಿನ ಮೂವತ್ತು ಕಿಲೋಮೀಟರಿಗಿಂತ ಹೆಚ್ಚು ತುಳಿದೇ ಇರಲ್ಲ. ಅವರು ಮೊದಲ ದಿನ ಬೆಂಗಳೂರಿಂದ ನೆಲಮಂಗಲ, ಡಾಬಸ್‌ಪೇಟೆ ದಾಟಿ 70 ಕಿಲೋಮೀಟರ್ ತುಳಿದು ತುಮಕೂರು ಮುಟ್ಟಿರ್ತಾರೆ, ಅದೂ ರಾಷ್ಟ್ರೀಯ ಹೆದ್ದಾರಿ 48ರ ಲಾರಿ ಸದ್ದು, ಧೂಳು, ಸರ್ವಿಸ್ ರೋಡಿನ ಏರಿಳಿತ ಎಲ್ಲಾ ತಿಂದು. ಅಭ್ಯಾಸ ಇಲ್ಲದ ಸ್ನಾಯುಗೆ ಹೊಸ ಕೆಲಸ ಕೊಟ್ರೆ ನೋವು ಅವತ್ತೇ ಪೂರ್ತಿ ಬರಲ್ಲ, 24ರಿಂದ 72 ಗಂಟೆ ಒಳಗೆ ಜಾಸ್ತಿ ಆಗತ್ತೆ. ಅಂದ್ರೆ ಎರಡನೇ ದಿನ ಬೆಳಗ್ಗೆ ಮೆಟ್ಟಿಲು ಇಳಿಯೋವಾಗ್ಲೇ ತೊಡೆ ಹಿಡ್ಕೊಳ್ಳತ್ತೆ. ಆ ದಿನ ಪೂರ್ತಿ ಮಲಗಿಸಿದ್ರೆ ಮೈ ಇನ್ನೂ ಬಿಗಿಯಾಗತ್ತೆ, ನೂರು ಕಿಲೋಮೀಟರ್ ತುಳಿಸಿದ್ರೆ ಮುರಿದೋಗತ್ತೆ, ಮೆಲ್ಲಗೆ ಕಾಲಾಡಿಸಿದ್ರೆ ರಕ್ತ ಓಡಾಡಿ ಹಗುರ ಆಗತ್ತೆ. ಮೂರನೇ ದಿನ ಮಿಡಿಗೇಶಿ, ಪಾವಗಡ ದಾಟಿ ಚಳ್ಳಕೆರೆ ಕಡೆಗೆ ನೂರರ ಮೇಲಿರತ್ತೆ, ನೆರಳೂ ಕಮ್ಮಿ, ಅದನ್ನ ತಲೇಲಿಟ್ಕೊಂಡೇ ಇದನ್ನ ಇಲ್ಲಿ ಇಟ್ಟಿರೋದು.

ಇನ್ನೊಂದು ಮಾತು, ಯಾತ್ರೆ ಗುರುವಾರ ಹೊರಡೋ ಹಾಗೆ ನೋಡ್ಕೊಳ್ಳಿ. ಆಗ ಎರಡನೇ ದಿನ ಶುಕ್ರವಾರ ಆಗತ್ತೆ, ಶಾಲೆ ಸಾಯಂಕಾಲದವರೆಗೂ ಇರತ್ತೆ. ಶುಕ್ರವಾರ ಹೊರಟ್ರೆ ಎರಡನೇ ದಿನ ಶನಿವಾರ, ಅವತ್ತು ಬೆಳಗಿನ ಶಾಲೆ, ನೀವು ಮುಟ್ಟೋ ಹೊತ್ತಿಗೆ ಮಕ್ಕಳು ಮನೆಗೆ ಹೋಗಿ ಊಟ ಮಾಡ್ತಿರ್ತಾರೆ.

ಹಿಂದಿನ ರಾತ್ರಿ

ತುಮಕೂರಲ್ಲಿ ಛತ್ರಕ್ಕೆ ಬಂದು ಸ್ನಾನ ಊಟ ಆದ ಮೇಲೆ ಎಲ್ಲರನ್ನೂ ಹತ್ತೇ ಹತ್ತು ನಿಮಿಷ ಒಟ್ಟಿಗೆ ಕೂರಿಸಿ. ನಾಳೆ ಎಷ್ಟು ದೂರ, ಎಷ್ಟೊತ್ತಿಗೆ ಹೊರಡೋದು, ಎಲ್ಲೆಲ್ಲಿ ನಿಲ್ಲೋದು ಅಂತ ಹೇಳಿ, ಆಮೇಲೆ ಒಂದು ನಿಯಮ ಗಟ್ಟಿಯಾಗಿ ಹೇಳಿ: ನಾಳೆ ಮುಂದಾಳನ್ನ ಯಾರೂ ದಾಟೋ ಹಾಗಿಲ್ಲ, ಹಿಂದಾಳಿಗಿಂತ ಯಾರೂ ಹಿಂದೆ ಉಳಿಯೋ ಹಾಗಿಲ್ಲ. ಮೊದಲ ಸೈಕಲ್ಲನ್ನ ಮುಂದಾಳು, ಕೊನೇ ಸೈಕಲ್ಲನ್ನ ಹಿಂದಾಳು ಅಂತಲೇ ನಾವು ಕರೆಯೋದು. ಇಬ್ಬರ ಹತ್ರಾನೂ ಫೋನ್ ಪೂರ್ತಿ ಚಾರ್ಜ್ ಇರ್ಬೇಕು, ವ್ಯಾನ್ ಡ್ರೈವರ್ ನಂಬರ್ ಎಲ್ಲರ ಹತ್ರ ಇರ್ಬೇಕು.

ಆಮೇಲೆ ಒಬ್ಬೊಬ್ಬರನ್ನೂ ಮೂರು ಪ್ರಶ್ನೆ ಕೇಳಿ, ಕೂರೋ ಜಾಗ ಹೇಗಿದೆ, ಮಂಡಿ ಹೇಗಿದೆ, ಕೈಬೆರಳು ಜೋಮು ಹಿಡಿದಿದ್ಯಾ. ಎಲ್ಲರ ಮುಂದೆ ಕೇಳಿದ್ರೆ "ಚೆನ್ನಾಗಿದೀನಿ" ಅಂತಲೇ ಹೇಳೋದು, ಅದ್ರಲ್ಲೂ ವಯಸ್ಸಾದೋರು ಮತ್ತೆ ಹೆಣ್ಮಕ್ಕಳು ಕೂರೋ ಜಾಗದ ಮಾತು ಎತ್ತೋದೇ ಇಲ್ಲ, ಅದಕ್ಕೆ ಪಕ್ಕಕ್ಕೆ ಕರೆದು ಕೇಳಿ, ಹೆಣ್ಮಕ್ಕಳನ್ನ ಕೇಳೋಕೆ ಗುಂಪಿನ ಒಬ್ಬ ಅಕ್ಕನಿಗೇ ಹೇಳಿ.

ಕೂರೋ ಜಾಗದ್ದು ಮೊದಲು. ಪ್ಯಾಡಿಂಗ್ ಇರೋ ಸೈಕಲ್ ಚಡ್ಡಿ ಒಳಗೆ ಬೇರೆ ಒಳಚಡ್ಡಿ ಹಾಕ್ಬೇಡಿ, ಅದರ ಹೊಲಿಗೆಯೇ ಉಜ್ಜಿ ಗಾಯ ಮಾಡತ್ತೆ. ತುಳಿದು ಬಂದ ತಕ್ಷಣ ಆ ಚಡ್ಡಿ ಬಿಚ್ಚಿ ತೊಳೆದು ಹಾಕಿ, ಒದ್ದೆ ಚಡ್ಡೀಲಿ ಹರಟೆ ಹೊಡೀತಾ ಕೂತ್ರೆ ಬೊಕ್ಕೆ ಏಳತ್ತೆ. ಎರಡು ಜೊತೆ ಇರ್ಲೇಬೇಕು. ಬೆಳಗ್ಗೆ ಹೊರಡೋ ಮುಂಚೆ ಉಜ್ಜೋ ಕಡೆಗೆಲ್ಲ ವ್ಯಾಸಲೀನ್, ಅದಿಲ್ಲಾಂದ್ರೆ ಕೊಬ್ಬರಿ ಎಣ್ಣೆ. ಚರ್ಮ ಒಡೆದಿದ್ರೆ ಮಾತ್ರ ಅವರು ನಾಳೆ ವ್ಯಾನಲ್ಲೇ ಬರಲಿ, ಒಂದು ದಿನ ಗಾಳಿ ಆಡಿದ್ರೆ ಒಣಗತ್ತೆ.

ಮಂಡಿ ಮುಂಭಾಗ ನೋಯ್ತಿದ್ರೆ ಸೀಟು ತಗ್ಗಾಗಿರೋದು ಸಾಮಾನ್ಯ ಕಾರಣ, ಹಿಂಭಾಗ ನೋಯ್ತಿದ್ರೆ ಸೀಟು ಎತ್ತರ ಜಾಸ್ತಿ ಆಗಿರತ್ತೆ. ನೋಡೋದು ಸುಲಭ, ಸೀಟ್ ಮೇಲೆ ಕೂತು ಹಿಮ್ಮಡಿನ ಪೆಡಲ್ ಮೇಲಿಡಿ, ಪೆಡಲ್ ಪೂರ್ತಿ ಕೆಳಗಿದ್ದಾಗ ಕಾಲು ನೆಟ್ಟಗಾಗ್ಬೇಕು. ಬದಲಾಯಿಸೋದಾದ್ರೆ ಸಲಕ್ಕೆ ಮೂರು ನಾಕು ಮಿಲಿಮೀಟರ್ ಅಷ್ಟೇ, ಒಂದೇ ಸಲ ಒಂದು ಇಂಚು ಎತ್ತಿದ್ರೆ ಹೊಸ ನೋವು ಬರತ್ತೆ. ಕಿರುಬೆರಳು ಉಂಗುರಬೆರಳು ಜೋಮು ಹಿಡಿದಿದ್ರೆ ಅಂಗೈ ಬುಡದಲ್ಲಿ ಹೋಗೋ ನರ ಒತ್ತಿದೆ ಅಂತ ಅರ್ಥ. ಸೀಟಿನ ಮೂತಿ ಕೆಳಕ್ಕೆ ಬಾಗಿದ್ಯಾ ನೋಡಿ, ಬಾಗಿದ್ರೆ ಮೈಭಾರ ಎಲ್ಲಾ ಕೈ ಮೇಲೆ ಬೀಳತ್ತೆ, ಅದನ್ನ ಮಟ್ಟ ಮಾಡಿ. ರಸ್ತೇಲಿ ಐದೈದು ನಿಮಿಷಕ್ಕೆ ಕೈ ಜಾಗ ಬದಲಾಯಿಸಿ, ಮೊಣಕೈ ಸ್ವಲ್ಪ ಮಡಚಿಟ್ಕೊಳ್ಳಿ.

ನೋವಿನ ಮಾತ್ರೆ ನುಂಗಿ ತುಳಿಯೋದು ಮಾತ್ರ ಬೇಡ, ದಯವಿಟ್ಟು. ಐಬುಪ್ರೊಫೆನ್ ಥರದ ಮಾತ್ರೆಗಳು ಮೈಲಿ ನೀರು ಕಮ್ಮಿ ಆಗಿರೋ ಹೊತ್ತಲ್ಲಿ ಕಿಡ್ನಿಗೆ ಕಷ್ಟ ಕೊಡ್ತವೆ, ನೋವು ಹೇಳ್ತಿರೋ ಮಾತನ್ನೂ ಮುಚ್ಚಿಬಿಡ್ತವೆ.

ಬೆಳಗ್ಗೆ

ಏಳುವರೆಗೆ ಹೊರಟ್ರೆ ಸಾಕು. ಗಂಟೆಗೆ 15 ಕಿಲೋಮೀಟರ್ ಲೆಕ್ಕ ಹಾಕಿದ್ರೆ ತುಳಿಯೋದು ಮೂರು ಗಂಟೆ, ನಿಲ್ಲೋದು ಮಾತಾಡೋದು ಎಲ್ಲಾ ಸೇರಿ ಐದು ಗಂಟೆ, ಹನ್ನೆರಡೂವರೆಗೆ ಮಧುಗಿರೀಲಿ ಇರ್ತೀರಿ. ಜನವರಿ ಆಗಿರೋದ್ರಿಂದ ಬಿಸಿಲಿಗೆ ಹೆದರಬೇಕಿಲ್ಲ, ನಿದ್ದೆ ಮುಖ್ಯ. ಮಾರ್ಚಲ್ಲಿ ಮಾಡೋದಾದ್ರೆ ಆರಕ್ಕೇ ಹೊರಡಿ.

ತಿಂಡಿಗೆ ತುಮಕೂರಲ್ಲಿ ಇದ್ಕೊಂಡು ತಟ್ಟೆ ಇಡ್ಲಿ ಬಿಟ್ಟು ಬೇರೆ ಯೋಚ್ನೆ ಬೇಡ. ಕ್ಯಾತ್ಸಂದ್ರದ ಕಡೆ ಉಳ್ಕೊಂಡಿದ್ರೆ ಇನ್ನೂ ಅನುಕೂಲ. ಎರಡು ತಟ್ಟೆ ಇಡ್ಲಿ, ಚಟ್ನಿ, ಒಂದು ಬಾಳೆಹಣ್ಣು, ಇಷ್ಟಾದ್ರೆ ಕೊರಟಗೆರೆವರೆಗೆ ಯೋಚ್ನೆ ಇಲ್ಲ. ಜೊತೆಗೆ ಎರಡೆರಡು ವಡೆ, ಪೂರಿ ಅಂತ ಶುರು ಮಾಡಿದ್ರೆ ಮೊದಲ ಏರಲ್ಲೇ ಎದೆ ಉರಿ. ಕ್ಯಾತ್ಸಂದ್ರದಲ್ಲೇ ಇದ್ರೆ ಹೊರಡೋ ಮುಂಚೆ ಸಿದ್ಧಗಂಗಾ ಮಠಕ್ಕೆ ಹೋಗಿ ಬರಬಹುದು, ನಾವು ಪ್ರತಿ ಸಲ ಹೋಗ್ತೀವಿ. ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದದ್ದು 2019ರ ಜನವರಿ 21ಕ್ಕೆ, ನಮ್ಮ ಯಾತ್ರೆ ಒಮ್ಮೊಮ್ಮೆ ಅದೇ ವಾರ ಬೀಳತ್ತೆ. ಸಾವಿರಾರು ಮಕ್ಕಳು ಸಾಲಾಗಿ ಕೂತು ಉಣ್ಣೋ ಜಾಗದಲ್ಲಿ ಐದು ನಿಮಿಷ ಸುಮ್ಮನೆ ನಿಂತು ಬಂದ್ರೆ, ಇನ್ನೊಬ್ಬರ ಮಕ್ಕಳಿಗೆ ಅಂತ ದುಡ್ಡು ಕೇಳೋಕೆ ಸಂಕೋಚ ಪಡ್ತಿದ್ದ ಹೊಸಬರಿಗೂ ಆ ಸಂಕೋಚ ಹೋಗತ್ತೆ, ಇದು ನಾನು ಕಣ್ಣಾರೆ ಕಂಡಿದ್ದು.

ಸೈಕಲ್ಲು ನೋಡೋದು ಎರಡು ನಿಮಿಷದ ಕೆಲಸ. ಗಾಳಿ ಒತ್ತಿ ನೋಡಿ, ಎರಡೂ ಬ್ರೇಕ್ ಹಿಡಿದು ನೋಡಿ, ಚಕ್ರ ಎತ್ತಿ ತಿರುಗಿಸಿ ನೋಡಿ. ದೊಡ್ಡ ರಿಪೇರಿ ಸಾಯಂಕಾಲಕ್ಕೆ ಇಟ್ಕೊಳ್ಳಿ. ಬ್ಯಾಗೆಲ್ಲ ವ್ಯಾನಿಗೆ.

ರಸ್ತೆ ಮೇಲೆ

ತುಮಕೂರಿಂದ ಕೊರಟಗೆರೆ 26 ಕಿಲೋಮೀಟರ್, ಅಲ್ಲಿಂದ ಮಧುಗಿರಿ 18. ಊರು ದಾಟೋವರೆಗೂ ಒಬ್ಬರ ಹಿಂದೆ ಒಬ್ಬರು, ಮಾತಿಲ್ಲದೆ. ಆರಾರು ಜನದ ನಾಕು ತಂಡ ಮಾಡಿ, ತಂಡ ತಂಡದ ನಡುವೆ ಒಂದು ಬಸ್ಸು ನುಗ್ಗಿ ಮತ್ತೆ ಎಡಕ್ಕೆ ಬರೋವಷ್ಟು ಜಾಗ ಬಿಡಿ. ಇಪ್ಪತ್ನಾಕು ಜನ ಒಂದೇ ಸಾಲಲ್ಲಿ ಹೋದ್ರೆ ಹಿಂದಿನ ಬಸ್ ಡ್ರೈವರ್ ಗೆ ಓವರ್‌ಟೇಕ್ ಮಾಡೋಕೆ ಜಾಗವೇ ಸಿಗಲ್ಲ, ಕೋಪದಲ್ಲಿ ಹಾರ್ನ್ ಹೊಡೀತಾ ಮೈಮೇಲೇ ಬರ್ತಾನೆ.

ಇನ್ನು ವೇಗ. ಪಕ್ಕದೋರ ಹತ್ರ ಒಂದು ಪೂರ್ತಿ ಮಾತು ಉಸಿರು ಕಟ್ಟದೆ ಹೇಳೋಕೆ ಆಗ್ಬೇಕು, ನಡುವೆ ಏದುಸಿರು ಬಂದ್ರೆ ಅದು ಜಾಸ್ತಿ. ಗೇರ್ ಹಗುರ ಮಾಡ್ಕೊಂಡು ಕಾಲು ಸರಾಗವಾಗಿ ತಿರುಗಿಸಿ, ನಿಮಿಷಕ್ಕೆ ಎಂಬತ್ತು ಸುತ್ತಿನ ಹತ್ರ ಇದ್ರೆ ಒಳ್ಳೇದು. ಭಾರದ ಗೇರಲ್ಲಿ ಒತ್ತಿ ಒತ್ತಿ ತುಳಿದ್ರೆ ವೇಗ ಕಮ್ಮಿ ಇದ್ರೂ ಮಂಡಿಗೆ ಪೆಟ್ಟು ಬೀಳತ್ತೆ, ಸುಲಭದ ದಿನ ಅಂತ ದೊಡ್ಡ ಗೇರಲ್ಲಿ ಮೆಲ್ಲಗೆ ತುಳಿಯೋದು ತುಂಬಾ ಜನ ಮಾಡೋ ತಪ್ಪು. ಎಲ್ಲರಿಗಿಂತ ನಿಧಾನದೋರನ್ನ ಮುಂದಾಳಿನ ಹಿಂದೇನೇ ಹಾಕಿ, ಆಗ ಗುಂಪಿನ ವೇಗ ಅವರ ವೇಗ ಆಗತ್ತೆ. ಅವರನ್ನ ಕೊನೇಗೆ ಬಿಟ್ರೆ ಮುಂದಿನೋರು ನಿಂತು ಸುಧಾರಿಸ್ಕೊಂಡು, ಇವರು ಬಂದು ಮುಟ್ಟೋ ಹೊತ್ತಿಗೆ "ಬಂದ್ರಾ, ಹೊರಡೋಣ" ಅಂತ ಎದ್ದು ಹೊರಟುಬಿಡ್ತಾರೆ, ವಿಶ್ರಾಂತಿ ಬೇಕಾದೋರಿಗೇ ವಿಶ್ರಾಂತಿ ಸಿಗಲ್ಲ.

ಅವತ್ತು ಬರೋ ದೊಡ್ಡ ಆಸೆ ಅಂದ್ರೆ ದೇವರಾಯನದುರ್ಗ. ತುಮಕೂರಿಗೆ ಹತ್ರದಲ್ಲೇ ಇದೆ, ಸಮುದ್ರಮಟ್ಟದಿಂದ ಸುಮಾರು 3,900 ಅಡಿ, ಯೋಗಾನರಸಿಂಹ ಭೋಗಾನರಸಿಂಹ ದೇವಸ್ಥಾನ ಇದೆ, ದಾರೀಲಿ ನಾಮದ ಚಿಲುಮೆ ಇದೆ, ಸೈಕಲ್ ಹತ್ತಿಸೋಕೆ ಬಹಳ ಚಂದದ ಘಾಟಿ. "ಬರೀ 44 ಅಲ್ವಾ, ದುರ್ಗ ಹತ್ತಿ ಇಳಿದು ಹೋಗೋಣ" ಅಂತ ಪ್ರತಿ ಸಲ ನಾಕು ಜನ ಹೇಳ್ತಾರೆ. ಒಂದು ವರ್ಷ ನಾವು ಹ್ಞೂಂ ಅಂದ್ವಿ. ಹತ್ತಿದ ನಾಕು ಜನ ಚೆನ್ನಾಗೇ ಹತ್ತಿದ್ರು, ಅವರು ಹೋದ್ರಲ್ಲ ಅಂತ ಇನ್ನೂ ಆರು ಜನ ಹಿಂದೆ ಹೋದ್ರು, ಆ ಆರರಲ್ಲಿ ಒಬ್ಬರು ಮೊದಲ ದಿನವೇ ಮಂಡಿ ನೋವು ಅಂದಿದ್ದೋರು. ಮಧುಗಿರಿ ಮುಟ್ಟೋ ಹೊತ್ತಿಗೆ ಮಂಡಿ ಊದಿತ್ತು, ಮೂರನೇ ದಿನದಿಂದ ಹಂಪಿವರೆಗೂ ವ್ಯಾನಲ್ಲೇ ಬಂದ್ರು. ತನ್ನ ಊರಿನ ನೂರಾ ಹತ್ತು ಜನರ ಹತ್ರ ದುಡ್ಡು ಕೂಡಿಸಿಕೊಂಡು ಬಂದಿದ್ದ ಮನುಷ್ಯ, ಕಿಟಕಿಯಿಂದ ಆಚೆ ನೋಡ್ತಾ ಕೂತಿದ್ದ ಆ ಮುಖ ನಾನು ಮರೆತಿಲ್ಲ. ಅವತ್ತಿಂದ ನಮ್ಮ ಗುಂಪಲ್ಲಿ ದುರ್ಗ ಇಲ್ಲ. ಅಲ್ಲಿಗೆ ಅಂತಲೇ ಇನ್ನೊಂದು ಭಾನುವಾರ ಬನ್ನಿ. ದುರ್ಗದಲ್ಲಿ ಹುಟ್ಟೋ ಜಯಮಂಗಲಿ ಹೊಳೆ ಹೇಗೂ ಕೊರಟಗೆರೆ ಸೀಮೇಲೇ ಹರಿಯತ್ತೆ.

ಜನವರೀಲಿ ಈ ಕಡೆ ರಸ್ತೆ ಮೇಲೆ ಇನ್ನೊಂದು ವಿಷ್ಯ ಇರತ್ತೆ, ಒಕ್ಕಣೆ. ರಾಗಿ ತೆನೆ, ಹುರುಳಿ ಬಳ್ಳಿ ಟಾರ್ ಮೇಲೆ ಹಾಸಿರ್ತಾರೆ, ಬಸ್ಸು ಲಾರಿ ಓಡಾಡಿ ಕಾಳು ಉದುರಲಿ ಅಂತ. ಕಾರಿನೋರಿಗೆ ಅದು ಏನೂ ಅಲ್ಲ, ಸೈಕಲ್ಲಿಗೆ ಎರಡು ಕಷ್ಟ. ಒಣ ಹುಲ್ಲು ಟೈರಡಿ ಜಾರತ್ತೆ, ಅದ್ರಲ್ಲೂ ಬ್ರೇಕ್ ಹಿಡಿದ್ರೆ ಬಿದ್ರಿ ಅಂತಲೇ ಲೆಕ್ಕ. ಹುರುಳಿ ಬಳ್ಳಿ ಚೈನಿಗೆ, ಹಿಂದಿನ ಗೇರಿಗೆ ಸುತ್ಕೊಂಡ್ರೆ ಗೇರ್ ತೋಳು ಮುರಿಯೋವರೆಗೂ ಎಳೀತದೆ. ಮುಂದಾಳು ದೂರದಿಂದ್ಲೇ ಕೈ ಎತ್ತಿ "ಕಣ ಕಣ" ಅಂತ ಕೂಗ್ಲಿ, ಹಿಂದಿನೋರೂ ಕೂಗ್ತಾ ಹೋಗ್ಲಿ. ಪಕ್ಕದಲ್ಲಿ ಖಾಲಿ ಜಾಗ ಇದ್ರೆ ಹಿಂದೆ ಗಾಡಿ ನೋಡ್ಕೊಂಡು ಅದರಲ್ಲಿ ಹೋಗಿ, ಇಲ್ಲಾಂದ್ರೆ ಇಳಿದು ತಳ್ಕೊಂಡು ಹೋಗಿ. ಯಾರ ಮೇಲೂ ರೇಗಬೇಡಿ. ಒಂದು ವರ್ಷದ ಅನ್ನ ಅಲ್ಲಿ ಬಿದ್ದಿರತ್ತೆ, ಕಣ ಮಾಡೋಕೆ ಜಾಗ ಇಲ್ಲದೋರು ಮಾಡೋ ಕೆಲಸ ಅದು. ನಿಂತು ಮಾತಾಡಿಸಿದ್ರೆ ಅಜ್ಜಿಯರು ಒಂದು ಬೊಗಸೆ ಹಸಿ ಅವರೆಕಾಯಿ ಕೊಟ್ಟೇ ಕಳಿಸೋದು, ಬೇಡ ಅನ್ನಬೇಡಿ.

ಬಾಯಾರಿಕೆ ಆಗೋವರೆಗೂ ಕಾಯದೆ ಗಂಟೆಗೆ ಅರ್ಧ ಲೀಟರ್ ಹತ್ರ ನೀರು ಕುಡೀತಾ ಹೋಗಿ. ಎರಡು ಬಾಟಲ್ ಇದ್ರೆ ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಮನೇಲೇ ಮಾಡೋ ಓಆರ್‌ಎಸ್, ಒಂದು ಲೀಟರ್ ನೀರಿಗೆ ಮಟ್ಟವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ನಿಂಬೆಹಣ್ಣು ಹಿಂಡಿದ್ರೆ ಕುಡಿಯೋಕೆ ಚೆನ್ನಾಗಿರತ್ತೆ. ಅಳತೆ ತಪ್ಪಿಸ್ಬೇಡಿ, ಉಪ್ಪು ಜಾಸ್ತಿ ಆದ್ರೆ ಉಪಕಾರಕ್ಕಿಂತ ಅಪಕಾರ. ಕೊರಟಗೆರೇಲಿ ಅರ್ಧ ಗಂಟೆ ನಿಲ್ಲಿ, ಎಳನೀರು, ಕಡ್ಲೆಕಾಯಿ ಮಿಠಾಯಿ, ನೆರಳಲ್ಲಿ ಹೆಲ್ಮೆಟ್ ಬಿಚ್ಚಿ ಕೂರೋದು. ಅಲ್ಲಿಂದ ಮುಂದಿನ 18 ಕಿಲೋಮೀಟರ್ ಬೇಗ ಹೋಗತ್ತೆ, ಹುಣಸೆ ಮರದ ನೆರಳು ಸಿಕ್ಕಾಗೆಲ್ಲ ನಿಲ್ಲಬೇಕು ಅನ್ಸತ್ತೆ, ನಿಲ್ಲಿ.

ಮಧುಗಿರೀಲಿ ಮಧ್ಯಾಹ್ನ

ಊರು ಹತ್ರ ಬರ್ತಿದ್ದ ಹಾಗೆ ಆ ಬೋಳುಬಂಡೆ ಬೆಟ್ಟ ಇಡೀ ಆಕಾಶ ತುಂಬ್ಕೊಂಡು ನಿಂತಿರತ್ತೆ. ಏಷ್ಯಾದಲ್ಲೇ ಎರಡನೇ ದೊಡ್ಡ ಏಕಶಿಲೆ ಅಂತ ಹೇಳ್ತಾರೆ, ಮೇಲೆ ಕೋಟೆ ಇದೆ. ಅದನ್ನೂ ಇವತ್ತು ಹತ್ತಬೇಡಿ. ಸೈಕಲ್ ತುಳಿದ ತೊಡೆಗೆ ಕಡಿದಾದ ಬಂಡೆ ಇಳಿಯೋದು ಹತ್ತೋದಕ್ಕಿಂತ ದೊಡ್ಡ ಪೆಟ್ಟು. ಕೆಳಗೆ ವೆಂಕಟರಮಣ, ಮಲ್ಲೇಶ್ವರ ದೇವಸ್ಥಾನಗಳಿವೆ, ದಂಡಿನ ಮಾರಮ್ಮ ಇದ್ದಾಳೆ, ಬೇಕಾದೋರು ಸಾಯಂಕಾಲ ಹೋಗಿ ಕೈಮುಗಿದು ಬರಲಿ.

ಬಂದ ತಕ್ಷಣ ಸ್ನಾನ, ಬಟ್ಟೆ ಒಗೆದು ಹಗ್ಗಕ್ಕೆ, ಆಮೇಲೆ ಊಟ. ಮುದ್ದೆ, ಅವರೆಕಾಳು ಸಾರು, ಅನ್ನ, ಮಜ್ಜಿಗೆ. ಊಟ ಆಗಿ ಒಂದು ಗಂಟೆ ಗೋಡೆಗೆ ಕಾಲು ಎತ್ತಿಟ್ಟು ಮಲಗಿ, ನಿದ್ದೆ ಬಂದ್ರೆ ಬರ್ಲಿ, ಫೋನ್ ಮಾತ್ರ ದೂರ ಇಡಿ.

ಶಾಲೇಲಿ

ಎರಡೂವರೆಗೆ ಶಾಲೇಲಿ ಇರ್ಬೇಕು. ಇದಕ್ಕೆ ತಯಾರಿ ಒಂದು ತಿಂಗಳು ಮುಂಚೆ ಶುರುವಾಗತ್ತೆ. ಹೆಡ್ ಮಾಸ್ಟರಿಗೆ ಫೋನ್ ಮಾಡಿ, ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಒಂದು ಪತ್ರ ಕೊಡಿ, ಎಸ್‌ಡಿಎಂಸಿ ಅಂದ್ರೆ ಶಾಲಾಭಿವೃದ್ಧಿ ಸಮಿತಿಯೋರ ಹತ್ರ ಮಾತಾಡಿ. ಎಷ್ಟು ಮಕ್ಕಳು ಸೈಕಲ್ಲಲ್ಲಿ ಬರ್ತಾರೆ, ಏನೇನು ಕೆಟ್ಟಿದೆ ಅಂತ ಪಿಇಟಿ (ಆಟದ) ಮೇಷ್ಟ್ರ ಹತ್ರ ಒಂದು ಪಟ್ಟಿ ಮಾಡಿಸ್ಕೊಳ್ಳಿ. ಪಟ್ಟಿ ಇಲ್ಲದೆ ಹೋಗಿ ನಿಂತ್ರೆ ನಿಮ್ಮ ಹತ್ರ ಇರೋ ಸಾಮಾನು ಅವರಿಗೆ ಆಗಲ್ಲ. ನಮ್ಮ ಗೇರ್ ಸೈಕಲ್ಲಿನ ಬ್ರೇಕ್ ಪ್ಯಾಡು, ಟ್ಯೂಬು ಯಾವುದೂ ಆ ಸೈಕಲ್ಲುಗಳಿಗೆ ಕೂರಲ್ಲ. ಅದಕ್ಕೆ ಊರಿನ ಸೈಕಲ್ ಶಾಪಿನ ಒಬ್ಬ ಮೆಕ್ಯಾನಿಕ್ಕನ್ನ ಆ ಮಧ್ಯಾಹ್ನಕ್ಕೆ ಪೂರ್ತಿ ಕೂಲಿ ಕೊಟ್ಟು ಕರ್ಕೊಂಡು ಬನ್ನಿ, ಬ್ರೇಕ್ ಶೂ, ಟ್ಯೂಬು, ವಾಲ್ ರಬ್ಬರ್, ಕಡ್ಡಿ, ಬಾಲ್ಸು ಎಲ್ಲಾ ಅವರ ಅಂಗಡೀಲೇ ತಗೊಳ್ಳಿ. ನಾವು ಬೆಂಗಳೂರಿಗೆ ಹೋದ ಮೇಲೆ ಆ ಸೈಕಲ್ ನೋಡ್ಕೊಳ್ಳೋರು ಅವರೇ, ಬಿಟ್ಟಿ ರಿಪೇರಿ ಮಾಡಿ ಅವರ ಹೊಟ್ಟೆ ಮೇಲೆ ಹೊಡೆದು ಬಂದ್ರೆ ಅದು ಸೇವೆ ಆಗಲ್ಲ.

ಕೆಲಸದ ಸಾಲು ಹೀಗಿರ್ಲಿ. ಗೇಟ್ ಹತ್ರ ಇಬ್ಬರು ಪ್ರತಿ ಸೈಕಲ್ಲಿಗೂ ಒಂದು ಚೀಟಿ ಕಟ್ಟಿ ತೊಂದರೆ ಬರೀಲಿ. ಮೊದಲ ಗುಂಪು ಗಾಳಿ ಮತ್ತೆ ಪಂಚರ್, ಎರಡನೇದು ಬ್ರೇಕು, ಮೂರನೇದು ಚೈನು ಮತ್ತೆ ನಟ್ಟು, ಚಕ್ರ ಓಡಾಡ್ತಿರೋದನ್ನ ಮೆಕ್ಯಾನಿಕ್ಕಿಗೇ ಬಿಡಿ. ಹೊತ್ತು ಸಾಲದೇ ಹೋದ್ರೆ ಎಲ್ಲಾ ಸೈಕಲ್ಲಿಗೂ ಬ್ರೇಕ್ ಮಾತ್ರ ಆಗ್ಲೇಬೇಕು, ಬೇರೇದು ನಾಳೆ ಆದ್ರೂ ನಡೆಯತ್ತೆ. ಬ್ರೇಕ್ ಹಿಡಿ ಪೂರ್ತಿ ಒತ್ತಿದ್ರೆ ಹ್ಯಾಂಡಲ್ ಮುಟ್ಟಬಾರದು, ಶೂ ರಿಮ್ಮಿಗೆ ಸರಿಯಾಗಿ ಕೂರ್ಬೇಕು, ಟೈರಿಗೆ ಉಜ್ಜಬಾರದು. ಚೈನು ನಡುವೆ ಬೆರಳಲ್ಲಿ ಎತ್ತಿದ್ರೆ ಅರ್ಧ ಇಂಚು ಆಡ್ಬೇಕು. ಅದಕ್ಕಿಂತ ಸಡಿಲ ಇದ್ರೆ ಹಿಂದಿನ ಚಕ್ರದ ಎರಡೂ ನಟ್ಟು ಸಡಿಲಿಸಿ ಚಕ್ರ ಹಿಂದಕ್ಕೆ ಎಳೆದು, ಎರಡೂ ಕಡೆ ಸಮ ಇದ್ಯಾ ನೋಡಿ ಬಿಗಿ ಮಾಡಿ. ಪಂಚರ್ ಹಾಕೋವಾಗ ಟ್ಯೂಬನ್ನ ಉಪ್ಪು ಕಾಗದದಲ್ಲಿ ಉಜ್ಜಿ, ಸಲ್ಯೂಷನ್ ತೆಳ್ಳಗೆ ಹಚ್ಚಿ, ಮುಟ್ಟಿದ್ರೆ ಅಂಟದ ಹಾಗೆ ಒಣಗೋವರೆಗೂ ಕಾದು ಆಮೇಲೆ ಪ್ಯಾಚ್ ಒತ್ತಿ. ಹಸಿ ಇರೋವಾಗ್ಲೇ ಒತ್ತಿದ್ದು ನಾಳೆ ಬೆಳಗ್ಗೆ ಬಿಟ್ಕೊಳ್ಳತ್ತೆ. ಟೈರ್ ಒಳಗೆ ಒಂದು ಬಟ್ಟೆ ಸುತ್ತ ಓಡಿಸಿ ಮುಳ್ಳು ಇನ್ನೂ ಇದ್ಯಾ ನೋಡೋದು ಮರೀಬೇಡಿ.

ಮಕ್ಕಳನ್ನ ದೂರ ನಿಲ್ಲಿಸಿ ನೀವೇ ಮಾಡಿ ಕೊಡಬೇಡಿ. ಸ್ಪ್ಯಾನರ್ ಅವರ ಕೈಗೇ ಕೊಡಿ, ಅದ್ರಲ್ಲೂ ಹೆಣ್ಮಕ್ಕಳಿಗೆ. ಎರಡು ವರ್ಷದ ಹಿಂದೆ ಒಂಬತ್ತನೇ ಕ್ಲಾಸ್ ಹುಡುಗಿ ಒಬ್ಬಳು ತಂದ ಸೈಕಲ್ಲಿಗೆ ಎರಡೂ ಬ್ರೇಕ್ ಇರ್ಲಿಲ್ಲ. ಹೇಗಮ್ಮ ನಿಲ್ಲಿಸ್ತೀಯ ಅಂದ್ರೆ ಕಾಲು ಎತ್ತಿ ಚಪ್ಪಲಿ ತೋರಿಸಿದ್ಲು, ಬಲಗಾಲಿನ ಚಪ್ಪಲಿ ಅಡಿ ಕಾಗದದ ಹಾಗೆ ಸವೆದಿತ್ತು. ದಿನಾ ಐದು ಕಿಲೋಮೀಟರ್ ಹೋಗಿ ಐದು ಬರ್ತಾಳೆ, ನಡುವೆ ಒಂದು ಇಳಿಜಾರು ಇದೆಯಂತೆ. ಮುಂದಿನ ಬ್ರೇಕ್ ನಾವು ಹಾಕಿ ತೋರಿಸಿದ್ವಿ, ಹಿಂದಿನದು ಅವಳೇ ಹಾಕಿದ್ಲು, ಆಮೇಲೆ ಗೆಳತಿಯ ಸೈಕಲ್ಲಿಗೂ ಅವಳೇ ಹಾಕಿದ್ಲು, ನಾವು ಪಕ್ಕದಲ್ಲಿ ನಿಂತು ಹಿಡ್ಕೊಂಡಿದ್ವಿ ಅಷ್ಟೇ. ನಮ್ಮ ಗುಂಪಿನೋರೊಬ್ಬರು ಅದನ್ನ ನೋಡಿ ತಮ್ಮ ಸ್ಪ್ಯಾನರ್ ಸೆಟ್ಟನ್ನೇ ಶಾಲೆಗೆ ಬಿಟ್ಟು ಬಂದ್ರು. ಈಗ ಪ್ರತಿ ಶಾಲೆಗೂ ಒಂದು ಡಬ್ಬಿ ಬಿಡ್ತೀವಿ, ಪಂಪು, ಮೂರು ಸ್ಪ್ಯಾನರ್, ಪ್ಯಾಚು, ಸಲ್ಯೂಷನ್, ಚೈನ್ ಎಣ್ಣೆ. ನನ್ನನ್ನ ಕೇಳಿದ್ರೆ ಭಾಷಣ, ಹಾರ, ಬ್ಯಾನರ್ ಎಲ್ಲಕ್ಕಿಂತ ಆ ಡಬ್ಬಿ ಮೇಲು.

ಫೋಟೋ ವಿಷ್ಯ ಹೇಳ್ಲೇಬೇಕು. ಮಕ್ಕಳ ಮುಖ ಕಾಣೋ ಫೋಟೋ ತೆಗೆಯೋ ಮುಂಚೆ ಶಾಲೆಯೋರ ಒಪ್ಪಿಗೆ ತಗೊಳ್ಳಿ. ದಾನಿಗಳಿಗೆ ಕಳ್ಸೋಕೆ ರಿಪೇರಿ ಆದ ಸೈಕಲ್ ಸಾಲಿನ ಫೋಟೋ ಸಾಕು. ಕೈ ಚಾಚಿ ತಗೋತಿರೋ ಮಗು, ಕೊಡ್ತಿರೋ ನಾವು, ಅಂಥದ್ದು ಬೇಡ, ಆ ಮಗು ನಾಳೆ ಇಪ್ಪತ್ತು ವರ್ಷ ಆದ ಮೇಲೆ ನೋಡಿದ್ರೆ ಹೇಗನ್ಸತ್ತೆ ಅಂತ ಯೋಚಿಸಿ.

ಸಾಯಂಕಾಲ, ಲೆಕ್ಕ ಮತ್ತೆ ನಾಳೆಗೆ ತಯಾರಿ

ಟೀ ಕುಡಿದು ಒಂದು ಗಂಟೆ ದುಡ್ಡಿನ ಕೆಲಸ ಮಾಡಿ. ಬೇರೆ ದಿನಗಳಲ್ಲಿ ಸುಸ್ತಾಗಿರ್ತೀರ, ಆಗೋದೇ ಇಲ್ಲ. ಯಾತ್ರೆ ಖರ್ಚು ಅಂದ್ರೆ ಊಟ, ವಸತಿ, ವ್ಯಾನು ಇದೆಲ್ಲ ಪ್ರತಿಯೊಬ್ಬರೂ ತಮ್ಮ ಕೈಯಿಂದ ಹಾಕ್ಬೇಕು, ದಾನದ ದುಡ್ಡಿಂದ ಒಂದು ಕಾಫಿನೂ ಕುಡೀಬಾರದು, ಎರಡಕ್ಕೂ ಬೇರೆ ಬೇರೆ ಪುಸ್ತಕ ಇಡಿ. ಇವತ್ತು ಎಷ್ಟು ಸೈಕಲ್ ಆಯ್ತು, ಸಾಮಾನಿಗೆ ಎಷ್ಟಾಯ್ತು, ಕೂಲಿ ಎಷ್ಟು ಕೊಟ್ವಿ ಅಂತ ಬರೆದು ಇಬ್ಬರು ಸಹಿ ಹಾಕಿ. ತೆರಿಗೆ ವಿನಾಯಿತಿ ರಸೀದಿ ಕೇಳೋ ದಾನಿಗಳಿಗೆ ಮೊದಲೇ ಹೇಳಿ, 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ರೆ ಆ ವಿನಾಯಿತಿ ಸಿಗಲ್ಲ, ಬ್ಯಾಂಕ್ ಮೂಲಕವೇ ಹಾಕ್ಲಿ. ಆಮೇಲೆ ಪ್ರತಿಯೊಬ್ಬರೂ ದುಡ್ಡು ಕೊಟ್ಟ ಐದು ಜನಕ್ಕೆ ಫೋನ್ ಮಾಡಿ, ಮೆಸೇಜ್ ಅಲ್ಲ, ಫೋನ್. ಶಾಲೇಲಿ ಇವತ್ತು ಏನಾಯ್ತು ಅಂತ ಬಿಸಿಬಿಸಿ ಇರೋವಾಗ್ಲೇ ಹೇಳಿದ್ರೆ ಅವರಿಗೆ ತಮ್ಮ ದುಡ್ಡು ಎಲ್ಲಿ ಹೋಯ್ತು ಅಂತ ಕಣ್ಣಿಗೆ ಕಟ್ಟತ್ತೆ.

ಕತ್ತಲಾಗೋ ಮುಂಚೆ ನಿಮ್ಮ ಸೈಕಲ್ಲು. ಚೈನನ್ನ ಹಳೇ ಬಟ್ಟೇಲಿ ಒರೆಸಿ, ಪ್ರತಿ ಕೊಂಡಿಗೆ ಒಂದೊಂದು ಹನಿ ಎಣ್ಣೆ, ಹತ್ತು ನಿಮಿಷ ಬಿಟ್ಟು ಮೇಲಿಂದು ಒರೆಸಿಬಿಡಿ, ಇಲ್ಲಾಂದ್ರೆ ಧೂಳು ಮೆತ್ಕೊಳ್ಳತ್ತೆ. ಗೇರ್ ಹಲ್ಲುಗಳ ನಡುವೆ ಸಿಕ್ಕಿರೋ ರಾಗಿ ಹುಲ್ಲು ಕಿತ್ತು ತೆಗೀರಿ. ಟೈರನ್ನ ಇಂಚಿಂಚು ತಿರುಗಿಸಿ ನೋಡಿ, ನಾಳೆ ಹೋಗೋ ಪಾವಗಡದ ಕಡೆ ರಸ್ತೆ ಬದಿಯೆಲ್ಲ ಬಳ್ಳಾರಿ ಜಾಲಿ. ಅದರ ಮುಳ್ಳು ಮೊಳೆ ಹೊಡೆದ ಹಾಗೆ ಇಳಿಯತ್ತೆ, ನೀರು ಕುಡಿಯೋಕೆ ಅಂತ ಸೈಕಲ್ಲನ್ನ ಟಾರಿಂದ ಕೆಳಗೆ ಇಳಿಸಿದ್ರೆ ಸಾಕು. ಕೆಳಗೆ ಇಳಿಸೋದಾದ್ರೆ ಎತ್ಕೊಂಡು ಹೋಗಿ ಅಂತ ಎಲ್ಲರಿಗೂ ಇವತ್ತೇ ಹೇಳಿ. ಒಬ್ಬೊಬ್ಬರ ಹತ್ರ ಎರಡೆರಡು ಟ್ಯೂಬು, ಒಂದು ಪ್ಯಾಚ್ ಡಬ್ಬಿ ಇದ್ಯಾ ಎಣಿಸಿ, ವ್ಯಾನಲ್ಲಿ ಇನ್ನೂ ಹತ್ತು ಟ್ಯೂಬ್ ಇರ್ಲಿ.

ರಾತ್ರಿ ಎಂಟಕ್ಕೆ ಊಟ, ಮತ್ತೆ ಅದೇ ಮೂರು ಪ್ರಶ್ನೆ, ಕೂರೋ ಜಾಗ, ಮಂಡಿ, ಬೆರಳು. ನಿನ್ನೆ ಇವತ್ತಿನ ಉತ್ತರ ಪಕ್ಕಪಕ್ಕ ಇಟ್ಟು ನೋಡಿ ನಾಳೆ ಯಾರು ಯಾವ ತಂಡದಲ್ಲಿ, ಯಾರು ಅರ್ಧ ದಾರಿ ವ್ಯಾನಲ್ಲಿ ಅಂತ ತೀರ್ಮಾನ ಮಾಡಿ. ಬಾಟಲ್ ತುಂಬಿಸಿ ಸೈಕಲ್ಲಿಗೇ ಸಿಗಿಸಿ, ಹಿಂದಿನ ಕೆಂಪು ಲೈಟ್ ಚಾರ್ಜಿಗೆ ಹಾಕಿ. ನಾಳೆ ಐದಕ್ಕೆ ಹೊರಡ್ಬೇಕು.